'ಹೋಗಲಿ ಬಿಡಿ' ಎಂಬ ಮಾತು

ಕೆಲವು ವರ್ಷಗಳ ಹಿಂದೆ, ಮನೆಗೆಲಸ ಮಾಡಿ ಬದುಕುವ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಒಂದು ಸಂಜೆ ಪಾಸ್‌ಪುಸ್ತಕ ಹಿಡಿದು ಬಂದರು. ಪರವೂರಿನಲ್ಲಿ ದುಡಿಯುವ ಮಗ ಅವರ ಖಾತೆಗೆ ಕಳುಹಿಸಿದ್ದು 500 ರೂಪಾಯಿ. ಅದರಲ್ಲಿ ಉಳಿದಿದ್ದು 146. ಖಾತೆಯಲ್ಲಿ ಕನಿಷ್ಠ ಮೊತ್ತವಿಲ್ಲವೆಂದು ತಿಂಗಳಿಗೆ 150 ರೂಪಾಯಿ ದಂಡ, ಅದರ ಮೇಲೆ 27 ರೂಪಾಯಿ ತೆರಿಗೆ, ಹೀಗೆ ಎರಡು ತಿಂಗಳು. ಬರಿದಾಗಿದ್ದ ಖಾತೆ ಸಾಲದ ಖಾತೆಯಾಗಿ, ಮಗನ ಹಣ ಬಂದೊಡನೆ ಆ ಸಾಲ ತೀರಿತ್ತು. ಅವರಿಗೆ ಕೋಪವಿರಲಿಲ್ಲ, ನಾಚಿಕೆಯಿತ್ತು. "ಹೋಗಲಿ ಬಿಡಿ ಸ್ವಾಮಿ, ದೊಡ್ಡವರ ಹತ್ತಿರ ನಮಗ್ಯಾಕೆ ಜಗಳ?" ಎಂದರು.

ಈ ಮಾತನ್ನು ಸಹನೆಯೆಂದು ಹೊಗಳುವುದು ನಮ್ಮ ರೂಢಿ. ನನ್ನ ಖಾತೆಯಿಂದಲೂ ಒಮ್ಮೆ ಯಾವುದೋ ಶುಲ್ಕ ಕಡಿತವಾಗಿತ್ತು. ನಾನು ಕೇಳಲಿಲ್ಲ. ಅದನ್ನು ವೈರಾಗ್ಯವೆಂದು ಭಾವಿಸಿದ್ದೆ. ನಿಜ ಹೇಳಬೇಕೆಂದರೆ ಅದು ಸೋಮಾರಿತನ. ನನಗೆ ಆ ಹಣ ಹೋದದ್ದು ತಿಳಿಯಲೇ ಇಲ್ಲ. ಈ ತಾಯಿಗೆ ಅದು ವಾರದ ಅಕ್ಕಿ. ಹಣವಿಲ್ಲವೆಂಬುದಕ್ಕೇ ವಿಧಿಸುವ ದಂಡ ಇದಾದ್ದರಿಂದ, ಕೇಳುವ ಧೈರ್ಯವುಳ್ಳವರಿಗೆ ಇದು ತಟ್ಟುವುದು ಅಪರೂಪ. ಇನ್ನು ಕ್ಷಮೆಯ ಮಾತು: ತನಗೆ ಅನ್ಯಾಯವಾಗಿದೆಯೆಂದೇ ಅರಿಯದವರು ಕ್ಷಮಿಸುವುದಾದರೂ ಏನನ್ನು?

ಬ್ಯಾಂಕಿನ ವಾದವನ್ನೂ ಕೇಳಬೇಕು. ಖಾತೆ ನಡೆಸಲು ಖರ್ಚಿದೆ, ಷರತ್ತಿಗೆ ಇವರು ಸಹಿ ಹಾಕಿದ್ದಾರೆ. ಆದರೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಮೊತ್ತ ಕುಸಿದಾಗ ಬ್ಯಾಂಕು ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು; ದಂಡವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯಕೂಡದು. ಇದು ಅನಿವಾರ್ಯವಾದ ಶುಲ್ಕವೂ ಅಲ್ಲ: ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡವನ್ನು ಕೈಬಿಟ್ಟಿತು.

ಮರುದಿನ ಬ್ಯಾಂಕಿಗೆ ಹೋದೆವು. "ಕಂಪ್ಯೂಟರೇ ಕಡಿತ ಮಾಡುತ್ತದೆ" ಎಂದ ಕೌಂಟರಿನ ಹುಡುಗ. ತಪ್ಪು ಅವನದಲ್ಲ, ಅವನ ಮೇಲೆ ರೇಗಿದ್ದರೆ ನಾವು ಇನ್ನೊಂದು ಅನ್ಯಾಯ ಮಾಡಿದಂತಾಗುತ್ತಿತ್ತು. ದೂರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆದೆವು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಷ್ಟು ದೂರ ಹೋಗಬೇಕಾಗಲಿಲ್ಲ. 354 ರೂಪಾಯಿ ಮರಳಿತು, ಕ್ಷಮೆಯ ಮಾತು ಮಾತ್ರ ಬರಲಿಲ್ಲ. ಖಾತೆಯನ್ನು ಕನಿಷ್ಠ ಮೊತ್ತ ಬೇಡದ ಮೂಲ ಉಳಿತಾಯ ಖಾತೆಗೆ ಬದಲಿಸಿಕೊಟ್ಟರು.

ಪಾಸ್‌ಪುಸ್ತಕದ ಹೊಸ ಸಾಲನ್ನು ಬೆರಳಿಟ್ಟು ಓದಿಸಿಕೊಂಡ ಆ ತಾಯಿ ಕೇಳಿದರು: "ಹಾಗಾದರೆ ತಪ್ಪು ನನ್ನದಲ್ಲ ಅಲ್ವಾ, ಸ್ವಾಮಿ?"