ದೋಣಿಯಲ್ಲಿನ ಸಹಯಾತ್ರಿ

ವಿಶ್ರಾಂತಿಯೆಂಬುದು ಒಬ್ಬನ ಸ್ವಂತ ಸೊತ್ತೇ, ಅಥವಾ ಜೊತೆಯಲ್ಲಿರುವವರಿಗೂ ಅದರಲ್ಲಿ ಭಾಗವುಂಟೇ? ಈ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. ಮನುಷ್ಯನು ಮಾಡತಕ್ಕ ಕರ್ಮಗಳ ವಿಷಯವಾಗಿ ನಮ್ಮ ಶಾಸ್ತ್ರಕಾರರು ವಿಸ್ತಾರವಾಗಿ ವಿಚಾರಮಾಡಿರುವರು. ಆದರೆ ಕರ್ಮವೆಲ್ಲವೂ ಮುಗಿದು, ಅವನು ಕೈಕಾಲು ಚಾಚಿ ಸುಮ್ಮನಿರುವ ಹೊತ್ತಿನಲ್ಲಿ ಅವನಿಗಿರುವ ಧರ್ಮವೇನೆಂದು ನಾವು ಯೋಚಿಸುವುದು ಕಡಮೆ. ನಮಗೆ ಬಿಡುವು ದೊರೆತಾಗ ಧರ್ಮಕ್ಕೂ ಬಿಡುವೆಂದು ಒಳಗೊಳಗೇ ಭಾವಿಸಿರುತ್ತೇವೆ. ಈ ಭಾವನೆಯು ಸಾಧುವೇ ಎಂಬುದನ್ನು ಒಂದು ದ್ವೀಪ, ಒಂದು ದೋಣಿ, ಒಂದು ನಾಯಿ, ಈ ಮೂರನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರೂಸೋ ಎಂಬ ದಾರ್ಶನಿಕನ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿಯೇ ಇರುವರು. ಆತನು ಜಿನೀವಾ ನಗರದಲ್ಲಿ 1712ರಲ್ಲಿ ಹುಟ್ಟಿದವನು. 1762ರಲ್ಲಿ ಆತನ ಎರಡು ಗ್ರಂಥಗಳು ಹೊರಬಂದವು. ಪ್ರಭುತ್ವದ ಮೂಲವನ್ನು ವಿಚಾರಿಸುವುದೊಂದು, ಬಾಲಶಿಕ್ಷಣವನ್ನು ಕುರಿತ ‘ಎಮಿಲ್’ ಇನ್ನೊಂದು. ಪ್ಯಾರಿಸ್ಸಿನಲ್ಲಿ ‘ಎಮಿಲ್’ ಗ್ರಂಥವನ್ನು ಸುಟ್ಟರು. ಜಿನೀವಾದಲ್ಲಿ ಎರಡನ್ನೂ ಸುಟ್ಟರು. ಫ್ರಾನ್ಸಿನಿಂದ ಓಡಿಬಂದು ಮೋತಿಯೇ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಆತನ ಮನೆಯ ಮೇಲೆ 1765ರ ಸೆಪ್ಟೆಂಬರಿನ ಒಂದು ರಾತ್ರಿ ಕಲ್ಲುಗಳು ಬಿದ್ದವು. ಆಗ ಐವತ್ತಮೂರು ವಯಸ್ಸಿನ ರೂಸೋ ಸ್ವಿಟ್ಜರ್ಲೆಂಡಿನ ಬೀಲ್ ಸರೋವರದ ನಡುವೆ ಇರುವ ಸೇಂಟ್ ಪೀಟರ್ ದ್ವೀಪವನ್ನು ಸೇರಿದನು. ಆ ದ್ವೀಪವು ಬರ್ನ್ ನಗರದ ಆಸ್ಪತ್ರೆಯೊಂದರ ಆಸ್ತಿ. ಇದ್ದುದು ಒಂದೇ ಮನೆ, ಅದರಲ್ಲಿ ಆಸ್ಪತ್ರೆಯ ಪಾರುಪತ್ಯಗಾರನ ಸಂಸಾರ. ಅಲ್ಲಿ ರೂಸೋ ಸುಮಾರು ಆರು ವಾರಗಳ ಕಾಲ ಇದ್ದನು. ತನ್ನ ಆಯುಷ್ಯದಲ್ಲಿ ಅಷ್ಟು ಸುಖವಾಗಿದ್ದ ಕಾಲವು ಮತ್ತೊಂದಿಲ್ಲವೆಂದೂ, ಆ ದ್ವೀಪವನ್ನೇ ತನಗೆ ಯಾವಜ್ಜೀವ ಸೆರೆಮನೆಯಾಗಿ ಮಾಡಿದ್ದರೆ ಚೆನ್ನಾಗಿತ್ತೆಂದೂ ಆತನು ಮುಂದೆ ಬರೆದಿರುವನು.

ಆತನು ಅಲ್ಲಿ ಮಾಡಿದ್ದೇನು? ಗಿಡಮೂಲಿಕೆಗಳನ್ನು ಪರೀಕ್ಷಿಸಿದನು, ಉಳಿದಂತೆ ಏನನ್ನೂ ಮಾಡಲಿಲ್ಲವೆಂದೇ ಹೇಳಬೇಕು. ಮಧ್ಯಾಹ್ನದಲ್ಲಿ ಮಿಕ್ಕವರು ಇನ್ನೂ ಊಟಕ್ಕೆ ಕುಳಿತಿರುವಾಗಲೇ ಮೆಲ್ಲನೆ ಎದ್ದು, ನೀರು ಶಾಂತವಾಗಿದ್ದ ದಿನ ದೋಣಿಯನ್ನು ಸರೋವರದ ನಡುವಿಗೆ ನಡೆಸಿ, ಹುಟ್ಟನ್ನು ಕೈಬಿಟ್ಟು, ಆಕಾಶವನ್ನು ನೋಡುತ್ತ ಉದ್ದಕ್ಕೆ ಮಲಗಿಬಿಡುವನು. ದೋಣಿಯು ನೀರು ಒಯ್ದತ್ತ ಗಂಟೆಗಟ್ಟಲೆ ತೇಲುವುದು. ಕೆಲವು ವೇಳೆ ಹೊತ್ತು ಇಳಿದುದನ್ನು ಕಂಡು ಎಚ್ಚೆತ್ತು ನೋಡಿದರೆ ದ್ವೀಪವು ಬಹು ದೂರವಾಗಿ, ಕತ್ತಲೆಯಾಗುವುದರೊಳಗೆ ಸೇರಬೇಕಾದರೆ ಬಲವೆಲ್ಲವನ್ನೂ ಹಾಕಿ ಹುಟ್ಟು ನಡೆಸಬೇಕಾಗುತ್ತಿತ್ತು. ಆ ತೇಲುವಿಕೆಯಲ್ಲಿ ಹಿಂದಿನ ನೆನಪಾಗಲಿ ಮುಂದಿನ ಆಸೆಯಾಗಲಿ ಇಲ್ಲದೆ, ‘ಇದ್ದೇನೆ’ ಎಂಬ ಅರಿವೊಂದೇ ಉಳಿದು ಆನಂದವಾಗುತ್ತಿತ್ತೆಂದು ಆತನ ಅನುಭವ. ನಮ್ಮ ವೇದಾಂತಿಗಳು ಹೇಳುವ ಸಾಕ್ಷಿಭಾವದ ನೆರಳು ಇದರಲ್ಲಿ ಕಾಣುವುದಾದರೂ ಎರಡಕ್ಕೂ ಭೇದವಿದೆ. ಅದು ವಿವೇಕದಿಂದ ಬರತಕ್ಕದ್ದು. ಇದು ನೀರಿನ ತೂಗಾಟದಿಂದ ಬಂದುದು.

ಇನ್ನು ನಾಯಿಯ ವಿಷಯಕ್ಕೆ ಬರೋಣ. ರೂಸೋ ತನ್ನ ಆತ್ಮಕಥೆಯ ಹನ್ನೆರಡನೆಯ ಭಾಗದಲ್ಲಿ ಈ ದೋಣಿವಿಹಾರವನ್ನು ವರ್ಣಿಸುತ್ತ ಒಂದು ಸಣ್ಣ ಸಂಗತಿಯನ್ನು ಸೇರಿಸಿರುವನು. ಅಷ್ಟು ಹೊತ್ತು ನೀರಿನ ಮೇಲಿರುವುದು ತನಗೆ ಹಿತವಾದಷ್ಟು ತನ್ನ ಬಡ ನಾಯಿಗೆ ಹಿತವಾಗುತ್ತಿರಲಿಲ್ಲವಾದುದರಿಂದ, ಅದರ ಸಂತೋಷಕ್ಕಾಗಿ ವಿಹಾರಕ್ಕೆ ಸಾಮಾನ್ಯವಾಗಿ ಒಂದು ಗುರಿಯನ್ನು ಇಟ್ಟುಕೊಳ್ಳುತ್ತಿದ್ದನಂತೆ. ಪಕ್ಕದಲ್ಲಿ ಒಂದು ಚಿಕ್ಕ ದ್ವೀಪವಿತ್ತು. ಅಲ್ಲಿ ಇಳಿದು ಒಂದೆರಡು ಗಂಟೆ ತಿರುಗಾಡುವುದು, ಅಥವಾ ದಿಣ್ಣೆಯ ಹುಲ್ಲಿನ ಮೇಲೆ ಮಲಗುವುದು. ಗ್ರಂಥದಲ್ಲಿ ಇದು ಒಂದು ವಾಕ್ಯದ ಸಂಗತಿ. ಆದರೆ ಗುರಿಯಿಲ್ಲದಿರುವುದೇ ಯಾವ ವಿಹಾರದ ಸೊಗಸೋ, ಅದಕ್ಕೆ ನಾಯಿಯ ನಿಮಿತ್ತವಾಗಿ ಗುರಿಯೊಂದು ಹುಟ್ಟಿತೆಂಬುದನ್ನು ನಾವು ಗಮನಿಸಬೇಕು. ದಾರ್ಶನಿಕನು ತನ್ನ ಆನಂದದ ಒಂದು ಪಾಲನ್ನು ಸಹಯಾತ್ರಿಗೆ ಬಿಟ್ಟುಕೊಟ್ಟನು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ನಾಯಿಗೆ ನೀರು ಹಿತವಲ್ಲವಾದರೆ ಅದನ್ನು ದಡದಲ್ಲಿ ಬಿಟ್ಟುಹೋಗಬಹುದಾಗಿತ್ತಲ್ಲ? ಇಬ್ಬರಿಗೂ ನೆಮ್ಮದಿಯಾಗುತ್ತಿತ್ತು. ನಾಯಿಯ ಸ್ವಭಾವವನ್ನು ಬಲ್ಲವರು ಹೀಗೆ ಹೇಳಲಾರರು. ಒಡೆಯನಿಲ್ಲದ ದಡವು ಅದಕ್ಕೆ ನೀರಿಗಿಂತ ಹೆಚ್ಚಿನ ಸಂಕಟ. ಅದು ಬಯಸುವುದು ಒಡೆಯನ ಸಂಗವನ್ನು, ಸಹಿಸಿಕೊಳ್ಳುವುದು ದೋಣಿಯನ್ನು. ಹೀಗಿರಲು ಕರೆದೊಯ್ಯುವುದೂ ಬಿಟ್ಟುಹೋಗುವುದೂ ಎರಡೂ ಪೂರ್ಣವಾಗಿ ಸರಿಯಲ್ಲದೆ, ಕರೆದೊಯ್ದು ದಾರಿಯನ್ನು ಮೊಟಕುಮಾಡುವುದೊಂದೇ ಉಳಿಯುತ್ತದೆ. ಸಂಸಾರದಲ್ಲಿ ಧರ್ಮವು ಬಹುಮಟ್ಟಿಗೆ ಇಂತಹ ಮೊಟಕು ದಾರಿಗಳಲ್ಲಿಯೇ ಇರುವುದು.

ಇದಕ್ಕೆ ಹತ್ತಿರದ ಇನ್ನೊಂದು ಸಂಗತಿಯನ್ನೂ ರೂಸೋ ಹೇಳಿರುವನು. ಆ ಚಿಕ್ಕ ದ್ವೀಪದಲ್ಲಿ ಮೊಲಗಳನ್ನು ಬಿಟ್ಟು ಬೆಳೆಸಬಹುದೆಂದು ಆತನು ಸೂಚಿಸಲು, ಪಾರುಪತ್ಯಗಾರನು ನ್ಯೂಶಾತೆಲ್ ಪಟ್ಟಣದಿಂದ ಮೊಲಗಳನ್ನು ತರಿಸಿದನು. ಅವುಗಳನ್ನು ಬಿಡುವುದಕ್ಕಾಗಿ ಎಲ್ಲರೂ ಸಂಭ್ರಮದಿಂದ ದೋಣಿ ಏರಿದರು. ಪಾರುಪತ್ಯಗಾರನ ಹೆಂಡತಿಗೆ ನೀರೆಂದರೆ ತಲೆ ತಿರುಗುವಷ್ಟು ಭಯ. ಆದರೂ ರೂಸೋ ದೋಣಿಯನ್ನು ನಡೆಸುವನೆಂಬ ನಂಬಿಕೆಯಿಂದ ಹತ್ತಿದವಳು ದಾರಿಯಲ್ಲಿ ಸ್ವಲ್ಪವೂ ಹೆದರಲಿಲ್ಲವಂತೆ. ಇದನ್ನು ಆತನು ಹೆಮ್ಮೆಯಿಂದ ಬರೆದುಕೊಂಡಿರುವನು. ಆ ಹೆಮ್ಮೆಯು ಸಹಜವಾದುದೇ. ನಂಬಿ ದೋಣಿಗೆ ಬಂದವರಿರುವಾಗ ಹುಟ್ಟು ಹಿಡಿದವನ ಕೈಗೆ ಒಂದು ಭಾರವೂ ಬರುತ್ತದೆ, ಒಂದು ಘನತೆಯೂ ಬರುತ್ತದೆ.

ಇಷ್ಟನ್ನು ಕೇಳಿ, ರೂಸೋ ಮಹಾ ಕರುಣಾಳುವೆಂದು ವಾಚಕರು ತೀರ್ಮಾನಿಸಿದರೆ ಅದು ಆತುರವಾದೀತು. ತೆರೇಸ್ ಎಂಬ ಸಂಗಾತಿಯಲ್ಲಿ ತನಗೆ ಹುಟ್ಟಿದ ಐದು ಮಕ್ಕಳನ್ನೂ ಒಂದಾದ ಮೇಲೊಂದರಂತೆ ಪ್ಯಾರಿಸ್ಸಿನ ಅನಾಥ ಶಿಶುಗಳ ಆಲಯಕ್ಕೆ ಒಪ್ಪಿಸಿದೆನೆಂದು ಅದೇ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿರುವನು. ಬಾಲಶಿಕ್ಷಣವನ್ನು ಕುರಿತು ಯೂರೋಪಿಗೆಲ್ಲ ಉಪದೇಶ ಮಾಡಿದವನು, ನಾಯಿಯ ಅಸೌಖ್ಯಕ್ಕಾಗಿ ದೋಣಿಯನ್ನು ದಡಕ್ಕೆ ತಿರುಗಿಸಿದವನು, ತನ್ನ ಮಕ್ಕಳ ಮುಖವನ್ನು ನೋಡದೆ ಹೋದನು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಕಪಟವೆಂದು ಹೇಳಿ ಮುಗಿಸುವುದು ಸುಲಭ. ಆದರೆ ನಾಯಿಯ ವಿಷಯವಾದ ಆ ಕನಿಕರದಲ್ಲಿ ಕಪಟವಿತ್ತೆಂದು ನನಗೆ ತೋರುವುದಿಲ್ಲ. ಜರ್ಮನಿಯ ಕಾಂಟ್, ತನ್ನ ಮನೆಯಲ್ಲಿ ರೂಸೋನ ಭಾವಚಿತ್ರವನ್ನು ತೂಗುಹಾಕಿಕೊಂಡಿದ್ದ ಪಂಡಿತ, ಪಶುಗಳಲ್ಲಿ ದಯೆಯನ್ನು ಅಭ್ಯಾಸಮಾಡಿದವನಿಗೆ ಮನುಷ್ಯರಲ್ಲಿಯೂ ದಯೆಯುಂಟಾಗುವುದೆಂದು ಹೇಳಿದನು. ರೂಸೋನ ಜೀವಿತವನ್ನು ನೋಡಿದರೆ ಒಂದು ದಯೆಯಿಂದ ಇನ್ನೊಂದು ದಯೆಯು ತಾನಾಗಿಯೇ ಹುಟ್ಟುವುದೆಂಬ ಭರವಸೆಗೆ ಆಧಾರ ಸಾಲದು.

ನನ್ನ ಬುದ್ಧಿಗೆ ತೋರುವ ಕಾರಣವು ಇದು. ದೋಣಿಗೆ ಬಾಗಿಲಿಲ್ಲ. ಅದರಲ್ಲಿ ಕುಳಿತವರು ಒಬ್ಬರ ಕಣ್ಣಿಗೆ ಒಬ್ಬರು ಬಿದ್ದೇ ಇರಬೇಕು. ನಾಯಿಯ ಸಂಕಟವು ಎರಡು ಮೊಳದ ದೂರದಲ್ಲಿದೆ. ಅದನ್ನು ಕಾಣದ ಹಾಗೆ ಸರಿಸಿಡಲು ಇನ್ನೊಂದು ಕೋಣೆಯಿಲ್ಲ. ಅನಾಥಾಲಯಕ್ಕಾದರೋ ಬಾಗಿಲಿದೆ, ಅದು ಮುಚ್ಚಿದ ಮೇಲೆ ಒಳಗಿನ ಅಳು ಹೊರಗೆ ಕೇಳಿಸುವುದಿಲ್ಲ. ನಾವು ಕ್ರೂರರಾಗುವುದು ಬಹುತೇಕ ಹೃದಯವಿಲ್ಲದುದರಿಂದಲ್ಲ, ನಮ್ಮ ಮನೆಗಳಿಗೆ ಬಾಗಿಲುಗಳು ಹೆಚ್ಚಾಗಿರುವುದರಿಂದ.

ಇದಕ್ಕೆ ಸಾಕ್ಷಿಯಾಗಿ ಇನ್ನೊಂದು ಪ್ರಸಂಗವಿದೆ. 1765ರ ಅಕ್ಟೋಬರ್ 25ರಂದು ಬರ್ನ್ ಸರ್ಕಾರದ ಆಜ್ಞೆಯಂತೆ ರೂಸೋ ದ್ವೀಪವನ್ನು ಬಿಡಬೇಕಾಯಿತು. ಮುಂದಿನ ಜನವರಿಯಲ್ಲಿ ಹ್ಯೂಮ್ ಎಂಬ ದಾರ್ಶನಿಕನೊಡನೆ ಲಂಡನ್ನಿಗೆ ಬಂದನು. ಜೊತೆಯಲ್ಲಿದ್ದ ನಾಯಿಯ ಹೆಸರು ಸುಲ್ತಾನ್. ಪ್ರಸಿದ್ಧ ನಟನಾದ ಗ್ಯಾರಿಕ್ ಈತನನ್ನು ನಾಟಕಕ್ಕೆ ಆಹ್ವಾನಿಸಿದ್ದನು, ರಾಜರಾಣಿಯರೂ ಬರುವವರಿದ್ದರು. ಹೊರಡುವ ಹೊತ್ತಿಗೆ ರೂಸೋ ಬರಲಾರೆನೆಂದನು. ಯಾರಾದರೂ ಬಾಗಿಲು ತೆರೆದರೆ ಸುಲ್ತಾನ್ ತನ್ನನ್ನು ಹುಡುಕಿಕೊಂಡು ಬೀದಿಗೆ ಬಿದ್ದು ತಪ್ಪಿಹೋಗುವುದೆಂದು ಅವನ ಚಿಂತೆ. ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಿರಿ ಎಂದು ಹ್ಯೂಮ್ ಉಪಾಯ ಹೇಳಿದನು. ಹಾಗೆಯೇ ಮಾಡಿ ಮೆಟ್ಟಿಲಿಳಿಯುವಾಗ ನಾಯಿ ಊಳಿಡತೊಡಗಿತು, ರೂಸೋ ಹಿಂದಿರುಗಿದನು. ಹ್ಯೂಮ್ ಅವನನ್ನು ತೋಳಿನಿಂದ ಹಿಡಿದು, ಸ್ವಲ್ಪ ಯುಕ್ತಿಯಿಂದಲೂ ಸ್ವಲ್ಪ ಬಲದಿಂದಲೂ ಕರೆದೊಯ್ದನಂತೆ. ಇಲ್ಲಿ ಬಾಗಿಲಿದ್ದರೂ ಕೂಗು ಕೇಳಿಸುತ್ತಿತ್ತು; ಆದುದರಿಂದ ಕನಿಕರವು ಅರ್ಧ ಮೆಟ್ಟಿಲಿನವರೆಗೆ ಉಳಿಯಿತು.

ಈ ಸ್ಥಳದಲ್ಲಿ ಮಹಾಭಾರತದ ಮಹಾಪ್ರಸ್ಥಾನವು ಯಾರಿಗೆ ತಾನೆ ನೆನಪಾಗದು? ಹಸ್ತಿನಾವತಿಯಿಂದ ಹೊರಟ ಪಾಂಡವರ ಹಿಂದೆ ಕರೆಯದೆ ಒಂದು ನಾಯಿ ಬಂದಿತು. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನಿಗೆ ಉಳಿದ ಸಂಗಾತಿ ಅದೊಂದೇ. ಇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಹತ್ತು ಎಂದನು. ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟುಬಂದವನಿಗೆ ನಾಯಿಯನ್ನು ಬಿಡಲು ಏನು ಅಡ್ಡಿಯೆಂದು ವಾದಿಸಿದನು. ಸತ್ತವರನ್ನು ಬದುಕಿಸಲು ತನಗೆ ಶಕ್ತಿಯಿಲ್ಲ, ಬದುಕಿರುವಾಗ ಅವರನ್ನು ಬಿಟ್ಟವನಲ್ಲ, ನಂಬಿ ಬಂದ ಜೀವವನ್ನು ಬಿಡುವುದು ತನ್ನಿಂದಾಗದು ಎಂಬುದು ಧರ್ಮರಾಯನ ಉತ್ತರದ ತಾತ್ಪರ್ಯ. ಸ್ವರ್ಗವು ವಿಶ್ರಾಂತಿಗಳಲ್ಲೆಲ್ಲ ದೊಡ್ಡ ವಿಶ್ರಾಂತಿ. ಅದರ ಬಾಗಿಲು ಮುಚ್ಚಿದ ಮೇಲೆ ಹಿಮದಲ್ಲಿ ನಿಂತ ನಾಯಿಯು ಕಾಣುತ್ತಿರಲಿಲ್ಲ, ಅದರ ಕೂಗೂ ಕೇಳಿಸುತ್ತಿರಲಿಲ್ಲ. ಕಾಣದ ಕೇಳದ ಆ ಸಂಕಟವನ್ನು ಮುಂದಾಗಿಯೇ ಎಣಿಸಿ ಅವನು ಕಾಲನ್ನು ಹಿಂದೆ ಇಟ್ಟನು. ಕಂಡ ದುಃಖಕ್ಕೆ ಕರಗುವುದು ಸ್ವಭಾವ. ಕಣ್ಣಿಗೆ ಮರೆಯಾಗುವ ದುಃಖಕ್ಕೂ ಬಾಧ್ಯನಾಗುವುದು ಧರ್ಮ.

ರೂಸೋ ವೃದ್ಧಾಪ್ಯದಲ್ಲಿ, 1778ರಲ್ಲಿ ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ, ಅದೇ ದ್ವೀಪವಾಸವನ್ನು ಮತ್ತೊಮ್ಮೆ ವರ್ಣಿಸಿದನು. ‘ಏಕಾಂಗಿ ವಿಹಾರಿಯ ಕನಸು’ಗಳೆಂಬ ಆ ಗ್ರಂಥದ ಐದನೆಯ ವಿಹಾರದಲ್ಲಿ ದೋಣಿಯಿದೆ, ಆಕಾಶವಿದೆ, ಆನಂದವಿದೆ, ದೋಣಿಯಲ್ಲಿ ತಾನೊಬ್ಬನೇ. ನಾಯಿಯ ಮಾತು ಅಲ್ಲಿಲ್ಲ. ನೆನಪಿಗೂ ಬಾಗಿಲುಗಳಿರುವುವು. ನಮ್ಮ ಸುಖದ ದಿನಗಳನ್ನು ನೆನೆಯುವಾಗ ಆ ಸುಖಕ್ಕಾಗಿ ಸುಮ್ಮನೆ ಜೊತೆಯಲ್ಲಿ ಕುಳಿತು ಬೇಸರಪಟ್ಟವರನ್ನು ಚಿತ್ರದಿಂದ ಹೊರಗೆ ಬಿಡುವುದು ಎಲ್ಲರ ಅಭ್ಯಾಸ.

ಇದು ದೂರದೇಶದ ಮಾತಾಯಿತೆಂದು ನಾವು ಪಾರಾಗುವಂತಿಲ್ಲ. ಮೊಣಕಾಲು ನೋಯುವ ತಾಯಿಯನ್ನು ತೀರ್ಥಯಾತ್ರೆಗೆ ಕರೆದೊಯ್ದು, ನೋಡಬೇಕಾದ ಕ್ಷೇತ್ರಗಳ ಪಟ್ಟಿಯನ್ನು ಮುಗಿಸುವ ಅವಸರದಲ್ಲಿ ಆಕೆಯನ್ನು ಎಳೆದಾಡುವವರುಂಟು. ಇದಕ್ಕೆ ಹೆದರಿ ಆಕೆಯನ್ನು ಮನೆಯಲ್ಲಿಯೇ ಬಿಟ್ಟು, ಪ್ರಸಾದವನ್ನು ತಂದುಕೊಡುವವರುಂಟು. ದಾರಿಯಲ್ಲಿ ಎರಡು ಕ್ಷೇತ್ರಗಳನ್ನು ಕೈಬಿಟ್ಟು, ಮರದ ನೆರಳಿನಲ್ಲಿ ಆಕೆಯೊಡನೆ ಕುಳಿತವನಿಗೆ ಯಾತ್ರೆಯ ಫಲವು ಕಡಮೆಯಾಯಿತೆಂದು ಯಾವ ಶಾಸ್ತ್ರವು ಹೇಳೀತು? ಪಾಠಶಾಲೆಯಲ್ಲಿಯೂ ಹೀಗೆಯೇ. ಚುರುಕಾದ ನಾಲ್ವರ ವೇಗಕ್ಕೆ ಪಾಠವು ಸೊಗಸಾಗಿ ಸಾಗುತ್ತಿರುವಾಗ ಹಿಂದಿನ ಸಾಲಿನ ಒಬ್ಬನ ಮುಖವು ಕಳೆಗುಂದಿದುದನ್ನು ಕಂಡು, ಉಪಾಧ್ಯಾಯನು ಒಂದು ಶ್ಲೋಕದಷ್ಟು ಹಿಂದಕ್ಕೆ ಬರುವುದು ದೋಣಿಯನ್ನು ದಡಕ್ಕೆ ತಿರುಗಿಸಿದಂತೆಯೇ. ಪಾಠವು ಅದರಿಂದ ಕೆಡುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸೀಮೆಯ ನದಿಗಳ ಪಾತ್ರವನ್ನು ತಿದ್ದಿದುದರಿಂದ ಬೀಲ್ ಸರೋವರದ ನೀರು ಇಳಿದು, ರೂಸೋ ಇದ್ದ ದ್ವೀಪವು ಈಗ ಒಂದು ನೆಲದ ಪಟ್ಟಿಯಿಂದ ದಡಕ್ಕೆ ಸೇರಿಕೊಂಡಿದೆ. ಚಿಕ್ಕ ದ್ವೀಪವೂ ಅದರೊಡನೆ ಕೂಡಿಹೋಗಿದೆ. ಈಗ ಅಲ್ಲಿಗೆ ನಾಯಿಯೂ ನಡೆದೇ ಹೋಗಬಹುದು. ಆದರೆ ಪ್ರಶ್ನೆಯು ಇದ್ದಲ್ಲಿಯೇ ಇದೆ. ಬಿಡುವಿನ ಸುಖವು ದೋಷವಲ್ಲ. ಅದು ಮನುಷ್ಯನಿಗೆ ಬೇಕು, ಮುದುಕರಿಗೆ ಇನ್ನೂ ಬೇಕು. ಆದರೆ ಅದನ್ನು ಅನುಭವಿಸುವಾಗ, ನಮ್ಮನ್ನು ನಂಬಿ ಜೊತೆಗೆ ಬಂದ ಜೀವಗಳು ಎಲ್ಲಿ ಕುಳಿತಿವೆಯೆಂದು ಒಮ್ಮೆ ತಿರುಗಿ ನೋಡುವ ಅಭ್ಯಾಸವಿರಲಿ. ಅನೇಕ ಬಾಗಿಲುಗಳ ಮನೆಯಲ್ಲಿದ್ದರೂ ಬಾಗಿಲಿಲ್ಲದ ದೋಣಿಯಲ್ಲಿರುವಂತೆ ಬಾಳುವವನೇ ಗೃಹಸ್ಥನು.