ಬೇರೆಯವಳ ಕಣ್ಣು

ಮಿಲಿಂದ ರಾಜ ತಾನು ಬಂದ ರಥದ ವಿಷಯ ಎತ್ತಿದ್ದೇ ತಡ, ಭಿಕ್ಷು ನಾಗಸೇನ ಪ್ರಶ್ನೆಗೆ ಶುರುವಿಟ್ಟುಕೊಂಡ. ಚಕ್ರ ರಥವೇ? ಅಚ್ಚು ರಥವೇ? ನೊಗ? ಯಾವುದೂ ಅಲ್ಲ. ಹಾಗಾದರೆ ಎಲ್ಲ ಸೇರಿದ್ದು? ಅದೂ ಅಲ್ಲ. ರಥ ಎನ್ನುವುದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು, ಅಷ್ಟೆ. ಭಿಕ್ಷುವಿಗೆ ರಥದ ಚಿಂತೆಯೇನೂ ಇರಲಿಲ್ಲ. ನಾಗಸೇನ ಎಂಬುದೂ ಹಾಗೆಯೇ, ಹೆಸರಿನ ಹಿಂದೆ ಬೇರೆ ಆಳು ಯಾರೂ ಇಲ್ಲ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಕಾಲೇಜಿನಲ್ಲಿ ಇದನ್ನು ಪಾಠ ಮಾಡುತ್ತಿದ್ದಷ್ಟು ಕಾಲವೂ ನಾನು ಮನಸಾರೆ ನಾಗಸೇನನ ಕಡೆಯೇ ಇದ್ದೆ.

ನಿವೃತ್ತಿಯಾದ ಮೇಲೆ ಆ ವಾದ ಮತ್ತೆ ಎದುರಾದದ್ದು ಊಟದ ಮೇಜಿನ ಮೇಲೆ, ಜಿಗ್‌ಸಾ ಪಜಲ್ ಜೋಡಿಸುವಾಗ. ಪಜಲಿನ ಚಿತ್ರ ‘ಜಿಸ್ಮೊಂಡಾ’ ನಾಟಕದ ಪೋಸ್ಟರ್. 1894ರ ಡಿಸೆಂಬರ್ ಕೊನೆಯಲ್ಲಿ ನಟಿ ಸಾರಾ ಬೆರ್ನಾರ್ ಅವರಿಂದ ಪ್ಯಾರಿಸ್ಸಿನ ಲೆಮರ್ಸಿಯೆ ಮುದ್ರಣಾಲಯಕ್ಕೆ ತುರ್ತು ಬೇಡಿಕೆ ಬಂತು: ಹೊಸ ವರ್ಷದ ಹೊತ್ತಿಗೆ ಪೋಸ್ಟರ್ ಸಿದ್ಧವಾಗಬೇಕು. ರಜೆಯ ದಿನಗಳಲ್ಲಿ ಕೈಗೆ ಸಿಕ್ಕವರು ಮೊರಾವಿಯಾದಿಂದ ಬಂದಿದ್ದ, ಇನ್ನೂ ಹೆಸರು ಮಾಡಿರದ ಅಲ್ಫೋನ್ಸ್ ಮುಖಾ. 1895ರ ಜನವರಿ 1ರಂದು ಎರಡು ಮೀಟರಿಗೂ ಮಿಕ್ಕಿದ ಎತ್ತರದ ಆ ಚಿತ್ರ ಬೀದಿಗೆ ಬಂತು. ಅದರ ಮೇಲೆ ಆಸೆಪಟ್ಟವರು ರಾತ್ರಿ ಹೊತ್ತು ಬ್ಲೇಡು ಹಾಕಿ ಗೋಡೆಯಿಂದಲೇ ಕಿತ್ತು ಒಯ್ದರಂತೆ. ಜರತಾರಿ ನಿಲುವಂಗಿ, ಕೂದಲಲ್ಲಿ ಹೂ, ತಲೆಯ ಹಿಂದೆ ಪ್ರಭಾವಳಿಯಂಥ ಕಮಾನು, ಕೈಯಲ್ಲಿ ಉದ್ದನೆಯ ತಾಳೆಗರಿ. ಕ್ರೈಸ್ತರ ಗರಿಗಳ ಭಾನುವಾರದ ಮೆರವಣಿಗೆಗೆ ಹೊರಟ ಜಿಸ್ಮೊಂಡಾಳ ಕಣ್ಣು ಆ ಗರಿಯ ಕಡೆಗೇ ಮೇಲಕ್ಕೆ ಎತ್ತಿದೆ.

ನಾಗಸೇನನ ಮಾತನ್ನು ನಮ್ಮ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಒಪ್ಪುವವರಲ್ಲ. ಭಾಗಗಳಿಗಿಂತ ಬೇರೆಯಾದ ‘ಅವಯವಿ’ ಒಂದು ಇದ್ದೇ ಇದೆ, ಇಲ್ಲದಿದ್ದರೆ ಒಂದು ತುದಿ ಹಿಡಿದು ಎಳೆದಾಗ ಇಡೀ ವಸ್ತು ಬರುವುದು ಹೇಗೆ ಎಂದು ಗೌತಮನ ನ್ಯಾಯಸೂತ್ರ ಕೇಳುತ್ತದೆ. ಬಿಗಿಯಾಗಿ ಕೂತ ಪಜಲ್ ಆದರೆ ಮುಗಿದ ಮೇಲೆ ಮೂಲೆ ಹಿಡಿದು ಎತ್ತಿ ನೋಡಿ, ಚಾಪೆಯ ಹಾಗೆ ಎದ್ದು ಬರುತ್ತದೆ. ಗೌತಮ ಗೆದ್ದ ಎನ್ನಿಸಿಬಿಡುತ್ತದೆ. ಆದರೆ ಅದೇ ಪಂಥದ ಭಾಷ್ಯಕಾರ ವಾತ್ಸ್ಯಾಯನ ಈ ಯುಕ್ತಿಗೆ ತೊಡಕು ತೋರಿಸುತ್ತಾನೆ. ಹುಲ್ಲು, ಕಲ್ಲು, ಕಟ್ಟಿಗೆಯನ್ನು ಅರಗು ಹಾಕಿ ಅಂಟಿಸಿದರೂ ಒಟ್ಟಿಗೇ ಎದ್ದು ಬರುತ್ತವೆ. ಅಷ್ಟಕ್ಕೇ ಹೊಸದೊಂದು ವಸ್ತು ಹುಟ್ಟಿತು ಎನ್ನಲಾದೀತೆ? ತನ್ನವರ ವಾದದ ಸಡಿಲವನ್ನು ತಾನೇ ಎತ್ತಿ ತೋರಿಸುವ ಈ ನಿಷ್ಠೆಗೆ ನಾನು ಯಾವತ್ತೂ ತಲೆಬಾಗುತ್ತೇನೆ.

ಪಜಲ್ ಮೊದಮೊದಲು ಬೌದ್ಧರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಒಂದು ತುಂಡು ಸಾಮಾನ್ಯವಾಗಿ ಕಚ್ಚಿಕೊಳ್ಳುವುದು ಸುತ್ತಲ ನಾಲ್ಕು ತುಂಡುಗಳನ್ನು. ಇಡೀ ಚಿತ್ರವನ್ನು ಮುಟ್ಟಿರುವ ತುಂಡು ಒಂದೂ ಇಲ್ಲ. ಇದರಿಂದ ಅದು, ಅದರಿಂದ ಮತ್ತೊಂದು. ಪ್ರತೀತ್ಯಸಮುತ್ಪಾದವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ.

ನನ್ನ ಮನಸ್ಸು ಅಲುಗಿದ್ದು ಕತ್ತರಿಸುವ ಅಚ್ಚಿನ ಸಂಗತಿಯಿಂದ. ರಟ್ಟಿನ ಪಜಲುಗಳನ್ನು ಉಕ್ಕಿನ ಅಲಗುಗಳಿರುವ ಅಚ್ಚಿನಿಂದ ಒತ್ತಿ ಕತ್ತರಿಸುತ್ತಾರೆ. ತಯಾರಕರು ಎಷ್ಟೋ ಸಲ ಒಂದೇ ಅಚ್ಚನ್ನು ಬೇರೆ ಬೇರೆ ಚಿತ್ರಗಳಿಗೆ ಬಳಸುವುದರಿಂದ, ಒಂದು ಪಜಲಿನ ತುಂಡು ಇನ್ನೊಂದರಲ್ಲಿ ಅದೇ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಅಮೆರಿಕದ ಟಿಮ್ ಕ್ಲೈನ್ ಎಂಬ ಕಲಾವಿದರು ಹೀಗೆ ಹಳೆಯ ಪಜಲುಗಳನ್ನು ಬೆರೆಸಿಯೇ ಹೊಸ ಚಿತ್ರ ಕಟ್ಟುತ್ತಾರೆ. ನನ್ನ ಹತ್ತಿರ ಅದೇ ತಯಾರಕರ ಇನ್ನೊಂದು ಡಬ್ಬಿ ಇತ್ತು: 1898ರ ‘ಮಿಡಿಯಾ’. ಅದೇ ರಂಗಮಂದಿರ, ಅದೇ ನಟಿ, ಅದೇ ಮುಖಾ. ಕೈಯಲ್ಲಿ ರಕ್ತ ಹತ್ತಿದ ಕಠಾರಿ, ಕಾಲ ಬುಡದಲ್ಲಿ ಸತ್ತ ಮಕ್ಕಳು, ಅರ್ಧ ಮುಖ ಬಟ್ಟೆಯಲ್ಲಿ ಮರೆ, ಬಿಟ್ಟ ಕಣ್ಣು ಬಿಟ್ಟ ಹಾಗೆ. ಮಿಡಿಯಾಳ ಕಣ್ಣಿನ ತುಂಡುಗಳನ್ನು ಬಿಡಿಸಿ ಜಿಸ್ಮೊಂಡಾಳ ಮುಖಕ್ಕೆ ಕೂರಿಸಿದೆ. ಒಂದು ಕೂದಲೆಳೆಯ ಸಂದೂ ಇಲ್ಲದೆ ಕೂತವು.

ಅಕ್ಕ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎರಡು ನಾಟಕಗಳ ಹೆಸರನ್ನೂ ಅವಳು ಕೇಳಿದವಳಲ್ಲ.

“ಯಾರದ್ದೇ ಈ ಕಣ್ಣು? ಹೆಂಗಸು ಪೂಜೆಗೆ ಹೊರಟ ಹಾಗಿದಾಳೆ, ಕಣ್ಣು ನೋಡಿದ್ರೆ ಕೊಲೆ ಮಾಡಿ ಬಂದ ಹಾಗಿದೆ.”

“ಬಣ್ಣ ಹೊಂದಲಿಲ್ಲ ಅಂತಲಾ ಅಕ್ಕ?”

“ಬಣ್ಣದ ಮಾತಲ್ಲ ಕಣೇ. ಗರಿ ಹಿಡಿದಿರೋ ಆ ಕೈಯಿದೆಯಲ್ಲ, ಅದು ಈ ಕಣ್ಣಿನದ್ದಲ್ಲ.”

ಅವರೆ ಬಿಡಿಸುತ್ತಲೇ ಅವಳು ಆಡಿದ ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕೈಯೂ ಕಣ್ಣೂ ಅಕ್ಕಪಕ್ಕದ ತುಂಡುಗಳಲ್ಲ, ನಡುವೆ ಎಷ್ಟೋ ತುಂಡುಗಳಿವೆ. ಅಂಚಿಗೆ ಅಂಚು ಕೂಡುವುದೊಂದೇ ಸಂಬಂಧವಾಗಿದ್ದರೆ ಇಲ್ಲಿ ತಪ್ಪೇ ಇರಬಾರದಿತ್ತು. ನೋಡಿ ನೋಡಿ ರೂಢಿಯಾದ ಮನಸ್ಸು ಹಾಗೆ ಹೇಳಿಸುತ್ತದೆ ಎಂದು ನಾಗಸೇನ ಹೇಳಬಹುದು. ಆದರೆ ಅಕ್ಕನಿಗೆ ಆ ಚಿತ್ರದ ರೂಢಿ ಎಲ್ಲಿಂದ ಬರಬೇಕು? ಮುಟ್ಟದ ಎರಡು ಭಾಗ ಒಂದನ್ನೊಂದು ಕೇಳುತ್ತವೆ, ಸಿಗದಿದ್ದರೆ ನಮಗೆ ಕೊರೆಯುತ್ತದೆ. ಆ ಕೊರತೆ ಯಾವ ತುಂಡಿನಲ್ಲೂ ಇಲ್ಲ.

ಇದು ನನಗೆ ಆಟದ ಮಾತಲ್ಲ. ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಮರೆವಿನ ಕಾಯಿಲೆ ಬಂದಿತ್ತು. ನಮ್ಮಿಬ್ಬರ ಗುರುತು ಹೋಯಿತು, ಊರು ಹೋಯಿತು, ಅಪ್ಪ ತೀರಿಕೊಂಡದ್ದೂ ಹೋಯಿತು. ತಟ್ಟೆ ಮುಂದಿಟ್ಟರೆ ಮಾತ್ರ ಮೊದಲ ತುತ್ತನ್ನು ಕಾಗೆಗೆಂದು ಎಲೆಯ ಚೂರಿನ ಮೇಲೆ ಎತ್ತಿಡುತ್ತಿದ್ದಳು, ಎತ್ತಿಟ್ಟು ನಮ್ಮ ಕಡೆ ನೋಡುತ್ತಿದ್ದಳು, ನಿಮ್ಮದಾಯಿತಾ ಎನ್ನುವ ಹಾಗೆ. ರಾತ್ರಿಯಿಡೀ ಉರಿಯುವ ದೀಪದಲ್ಲಿ ಮೊದಲ ಜಾವದ ಜ್ವಾಲೆ ಕೊನೆಯ ಜಾವದ್ದೂ ಅಲ್ಲ, ಪೂರ್ತಿ ಬೇರೆಯೂ ಅಲ್ಲ ಎಂದು ನಾಗಸೇನ ಹೇಳುತ್ತಾನೆ. ಸುಂದರವಾದ ಮಾತು. ಆದರೆ ಜ್ವಾಲೆ ಕ್ಷಣದಿಂದ ಕ್ಷಣಕ್ಕೆ ಪಕ್ಕದಿಂದ ಪಕ್ಕಕ್ಕೆ ಸಾಗುತ್ತದೆ. ಅಮ್ಮನಲ್ಲಿ ನಡುವಿನದೆಲ್ಲ ಉದುರಿಹೋಗಿದ್ದರೂ ಆ ಕೈಗೆ ಆ ನೋಟ ಒಪ್ಪುತ್ತಿತ್ತು, ನೋಟಕ್ಕೆ ಕೈ ಒಪ್ಪುತ್ತಿತ್ತು.

ಇಷ್ಟರಿಂದಲೇ ನಿತ್ಯವಾದ ಆತ್ಮ ಸಿದ್ಧವಾಯಿತು ಎಂದು ನೈಯಾಯಿಕರ ಜೊತೆ ಹಾರಲು ನಾನು ತಯಾರಿಲ್ಲ. ಅದಕ್ಕೆ ಬೇರೆಯೇ ಪ್ರಮಾಣ ಬೇಕು. ಆದರೆ ಭಾಗಗಳ ಮೇಲೆ ಹಚ್ಚಿದ ಬರೀ ಹೆಸರು ಎನ್ನಲು ಮಾತ್ರ ಈಗ ಬಾಯಿ ಬರುವುದಿಲ್ಲ. ಹೆಸರು ಅಮ್ಮನಿಗೇ ಮರೆತುಹೋಗಿತ್ತು.