ಆಯಿ ಕೇಳಲಿಲ್ಲ, ನಾನು ಹೇಳಲಿಲ್ಲ

ನನ್ನ ಆಲ್ಬಮ್‌ನಲ್ಲಿ ಎಂಟು ಗೂಡುಗಳಿವೆ. ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ, 1938ರಿಂದ 1945ರವರೆಗೆ, ಇಸವಿಗೊಂದು. ಏಳು ಗೂಡು ಸಂಬಳದಲ್ಲೇ ತುಂಬಿದವು. ಖಾಲಿ ಉಳಿದದ್ದು 1939.

ನಾಣ್ಯ ಕೂಡಿಸೋರಿಗೆ ಈ ಇಸವಿಯ ಹುಚ್ಚು ಗೊತ್ತು. 1939ರವರೆಗೂ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿ ಇರುತ್ತಿತ್ತು. 1940ರಲ್ಲಿ, ಯುದ್ಧದ ಕಾಲಕ್ಕೆ, ಅರ್ಧಕ್ಕಿಳಿಯಿತು. 1939ರ ಇಸವಿಯದ್ದು ಸಿಗೋದೇ ಅಪರೂಪ. 1938ರ ಕೊನೆಯ 8ನ್ನು ತಿದ್ದಿ 9 ಮಾಡಿ ಮಾರುವವರೂ ಇದ್ದಾರೆ. ಅಸಲಿಯ ಬೆಲೆ ನನ್ನ ಇಎಂಐಗಳ ನಡುವೆ ಹಿಡಿಸುವಂಥದ್ದಲ್ಲ.

ಅದು ಸಿಕ್ಕಿದ್ದು ನಮ್ಮೂರು ಅಕ್ಕಿಆಲೂರಲ್ಲೇ, ನಮ್ಮ ಓಣಿಯ ಆಯಿಯೊಬ್ಬಳ ಪೂಜಾ ಡಬ್ಬಿಯಲ್ಲಿ. ಹಬ್ಬಕ್ಕೆ ಹೋಗಿದ್ದೆ.

“ತಮ್ಮಾ, ಪತ್ತಾರಗ ಕೊಟ್ರ ಎಷ್ಟ ಬಂದೀತು? ಮೊಮ್ಮಗಳ ಹಾಸ್ಟೆಲ್ಲಿಗೆ ರೊಕ್ಕ ಕಟ್ಟಬೇಕು” ಅಂದಳು.

ಹಿಂದೆ ಸರಕ್ಕೆ ಪೋಣಿಸಿದ್ದ ಬೆಸುಗೆಯ ಗುರುತು ಅಂಚಿನಲ್ಲಿತ್ತು. ಇಸವಿ ಮಾತ್ರ ಸ್ವಚ್ಛ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದೆ. ತಿದ್ದಿದ 9 ಅಲ್ಲ. ಬೆಳ್ಳಿಯ ಅವತ್ತಿನ ದರ ಲೆಕ್ಕ ಹಾಕಿ, ಮೇಲೆ 500 ಸೇರಿಸಿ ಕೊಟ್ಟೆ. “ಕಲ್ತ ಹುಡುಗ ಇದ್ದಿ, ನಿನ್ನ ಕೈಯಾಗ ಕೊಟ್ರ ಚಿಂತಿಲ್ಲ” ಅಂದಳು. ಆ 500 ಕೊಟ್ಟಿದ್ದಕ್ಕೆ ನನಗೆ ನಾನೇ ದೊಡ್ಡ ಮನಸ್ಸಿನವನಂತೆ ಕಂಡೆ. ಸುಳ್ಳಂತೂ ಒಂದೂ ಹೇಳಿರಲಿಲ್ಲ.

ಕೆಲವು ತಿಂಗಳು ಕಳೆದವು. ನನ್ನದೇ ಟೀಮಿಗೆ, ನನಗಿಂತ ಕಡಿಮೆ ಅನುಭವದ ಹುಡುಗನೊಬ್ಬ ನನಗಿಂತ ಹೆಚ್ಚು ಸಂಬಳಕ್ಕೆ ಸೇರಿದ. ಮ್ಯಾನೇಜರ್ ಹತ್ರ ಹೋಗಿ ಜಗಳ ತೆಗೆದೆ. ಅವರು ತಣ್ಣಗೆ ಅಂದರು: “ನೀವು ಕೇಳಲೇ ಇಲ್ಲವಲ್ಲ.”

ಕ್ಯಾಬ್‌ನಲ್ಲಿ ಮನೆಗೆ ಬರುವಾಗ ಹೊಳೆಯಿತು: ಆಯಿಯೂ ಕೇಳಿರಲಿಲ್ಲ.

ಇದು ಹಳೇ ಪ್ರಶ್ನೆ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಒಂದು ಕಥೆ ಇಟ್ಟು ಇದನ್ನೇ ಚರ್ಚಿಸಿದ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ವ್ಯಾಪಾರಿಯೊಬ್ಬ ಧಾನ್ಯ ತರುತ್ತಾನೆ. ಹಿಂದೆಯೇ ಇನ್ನಷ್ಟು ಹಡಗು ಬರುತ್ತಿವೆ ಅಂತ ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೋ, ಸುಮ್ಮನಿದ್ದು ಒಳ್ಳೇ ಬೆಲೆಗೆ ಮಾರಬೇಕೋ? ಸುಮ್ಮನಿರುವುದೇನೂ ಮುಚ್ಚಿಡುವುದಲ್ಲ ಅನ್ನೋದು ಒಂದು ವಾದ. ಲಾಭಕ್ಕಾಗಿ ಸುಮ್ಮನಿದ್ದರೆ ಅದು ಮುಚ್ಚಿಟ್ಟ ಹಾಗೇ ಅಂತ ಸಿಸೆರೊ ತೀರ್ಮಾನಿಸಿದ.

ನನ್ನೊಳಗಿನ ವಕೀಲ ಸುಲಭಕ್ಕೆ ಒಪ್ಪಲಿಲ್ಲ. ವರ್ಷಗಟ್ಟಲೆ ಓದಿ ಕಲಿತಿದ್ದೀನಿ, ಆ ಕಲಿಕೆಗೆ ಬೆಲೆ ಇಲ್ವಾ? ನಾನಿಲ್ಲದಿದ್ದರೆ ಪತ್ತಾರ ಅದನ್ನು ಕರಗಿಸಿಬಿಡುತ್ತಿದ್ದ, ಅಲ್ವಾ? ಎರಡೂ ನಿಜ. ನಾಣ್ಯದಂಗಡಿಯ ಮೂಲೆಯ ಡಬ್ಬಿಯಲ್ಲಿ ಅದು ಸಿಕ್ಕಿದ್ದರೆ ತೆಪ್ಪಗೆ ಕೊಂಡು ಬರುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಯಾಕಂದ್ರೆ ಬೆಲೆ ತಿಳಿದುಕೊಳ್ಳೋದು ಅಂಗಡಿಯವನ ಕಸುಬು. ಅವನೂ ನನ್ನ ಜತೆ ಆಟಕ್ಕೆ ಇಳಿದವನೇ. ಆಯಿ ವ್ಯಾಪಾರಕ್ಕೆ ಬಂದಿರಲಿಲ್ಲ, ಸಲಹೆ ಕೇಳೋಕೆ ಬಂದಿದ್ದಳು. “ಎಷ್ಟ ಬಂದೀತು?” ಅನ್ನೋದಕ್ಕೆ ನಾನು ಉತ್ತರ ಕೊಡಬೇಕಿತ್ತು, ಅದರ ಬದಲು ಕೊಂಡುಕೊಂಡೆ. ನನ್ನ ಕಲಿಕೆಗೆ ಒಂದು ಪಾಲು ಕೇಳಬಹುದಿತ್ತು. ಆದರೆ ಪಾಲು ಕೇಳೋದು ಹೇಳಿದ ಮೇಲೆ.

ಮುಂದಿನ ಸಲ ಊರಿಗೆ ಹೋದಾಗ ನಾಣ್ಯವನ್ನು ಆಯಿಯ ಮುಂದಿಟ್ಟು ಎಲ್ಲ ಹೇಳಿದೆ. ಬೆಸುಗೆ ಗುರುತಿದ್ದರೂ ಬೆಳ್ಳಿ ಬೆಲೆಯ ಹತ್ತಾರು ಪಟ್ಟು ಬರುತ್ತೆ. ಬೇಕಾದ್ರೆ ನಾಣ್ಯ ವಾಪಸ್ ತಗೋ, ಇಲ್ಲಾಂದ್ರೆ ವ್ಯಾಪಾರಿ ಕೊಡುವಷ್ಟು ನಾನೇ ಕೊಡ್ತೀನಿ, ಎರಡು ಕಂತಲ್ಲಿ. ಆಯಿ ಎಷ್ಟು ಅಂತ ಕೇಳಲಿಲ್ಲ.

“ಅವತ್ತ ಗೊತ್ತಿತ್ತೇನು ನಿನಗ?”

“ಗೊತ್ತಿತ್ತು ಆಯಿ.”

ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ನಾಣ್ಯವನ್ನು ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ನನ್ನ ಕೈಯಲ್ಲಿಟ್ಟಳು. “ರೊಕ್ಕ ಕೊಡು. ಮುಂದಿನ ವರ್ಷಾನೂ ಹುಡುಗಿ ಫೀ ಕಟ್ಟಬೇಕು” ಅಂದು ಚಹಾ ಕಾಸಲು ಒಳಗೆ ಹೋದಳು.

ಎರಡನೇ ಕಂತೂ ತೀರಿದೆ. ಅಗ್ಗಕ್ಕೆ ಪೂರ್ತಿ ಮಾಡಬೇಕು ಅಂತ ಹೊರಟ ಆಲ್ಬಮ್ ಪೂರ್ತಿಯಾಗಿದೆ, ಅಗ್ಗಕ್ಕಲ್ಲ. ಕಲ್ತ ಹುಡುಗ ಅನ್ನೋ ಮಾತನ್ನು ಮಾತ್ರ ಆಯಿ ಮತ್ತೆ ಆಡಿಲ್ಲ.